ಅಂಡಮಾನೋ ಲಕ್ಷದ್ವೀಪವೋ: ಒಂದು ಆಯ್ಕೆಯ ಹಿಂದಿನ ಚರಿತ್ರೆ

ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮತ್ತು ಪೀಣ್ಯಗಳಲ್ಲಿ ದುಡಿಯುವ ಕುಟುಂಬಗಳಲ್ಲಿ ಮಲೆನಾಡು, ಕರಾವಳಿ, ಗೋವೆಗಳನ್ನು ಈಗಾಗಲೇ ನೋಡಿ ಮುಗಿಸಿದವರು ಮುಂದಿನ ದೊಡ್ಡ ರಜೆಗೆ ದೂರದ ಊರೊಂದನ್ನು ಹುಡುಕುವಾಗ, ಅಂಡಮಾನಿಗೆ ಹೋಗಬೇಕೋ ಲಕ್ಷದ್ವೀಪಕ್ಕೆ ಹೋಗಬೇಕೋ ಎಂಬ ಪ್ರಶ್ನೆ ಇತ್ತೀಚಿನ ವರ್ಷಗಳಲ್ಲಿ ಮೇಲಿಂದ ಮೇಲೆ ಎದುರಾಗುತ್ತಿದೆ. ಇದನ್ನು ಸಾಮಾನ್ಯವಾಗಿ ವಿಮಾನದ ದರ, ಸಿಕ್ಕುವ ರಜೆ ಮತ್ತು ವಸತಿಯ ಸೌಕರ್ಯ ಎಂಬ ಮೂರು ಲೆಕ್ಕಗಳಿಂದ ಬಗೆಹರಿಸಿಕೊಳ್ಳಲಾಗುತ್ತದೆ. ಆದರೆ ಆ ದರ, ಆ ಸೌಕರ್ಯ, ಒಂದು ಕಡೆ ಯಾರ ಅಪ್ಪಣೆಯೂ ಇಲ್ಲದೆ ಇಳಿಯಬಹುದಾದ ಅನುಕೂಲ, ಇನ್ನೊಂದು ಕಡೆ ಪೊಲೀಸ್ ದೃಢೀಕರಣದಿಂದ ಆರಂಭವಾಗುವ ಪರವಾನಗಿಯ ಕಟ್ಟಳೆ, ಇವೆಲ್ಲವೂ ಹದಿನೆಂಟನೆಯ ಶತಮಾನದ ಕೊನೆಯಿಂದ ಈ ಎರಡು ದ್ವೀಪಸಮೂಹಗಳು ನಡೆದು ಬಂದ ಎರಡು ಬೇರೆ ದಾರಿಗಳ ಫಲ. ಅವುಗಳಲ್ಲಿ ಒಂದು ದಾರಿ ಶ್ರೀರಂಗಪಟ್ಟಣವನ್ನೂ ಮಂಗಳೂರನ್ನೂ ಹಾದು ಬಂದದ್ದೆಂಬುದನ್ನು ಕನ್ನಡನಾಡು ಬಹುಮಟ್ಟಿಗೆ ಮರೆತಿದೆ, ಮತ್ತು ಆ ಮರೆವು ಈ ಆಯ್ಕೆಯನ್ನು ಬಡವಾಗಿಸಿದೆ.

ಪ್ರಶ್ನೆ ಹುಟ್ಟುವ ನೆಲದ ಚರಿತ್ರೆ ಅಷ್ಟೇನೂ ಹಳೆಯದಲ್ಲ. ಪೀಣ್ಯದ ಕೈಗಾರಿಕಾ ಪ್ರದೇಶ 1970ರ ದಶಕದಲ್ಲಿ ರೂಪುಗೊಂಡು ಸಣ್ಣ ಕೈಗಾರಿಕೆಗಳ ಬಹುದೊಡ್ಡ ನೆಲೆಯಾಗಿ ಬೆಳೆಯಿತು. ಎಲೆಕ್ಟ್ರಾನಿಕ್ಸ್ ಉದ್ಯಮವನ್ನು ಬೆಳೆಸಲೆಂದು ರಾಜ್ಯ ಸರ್ಕಾರ 1976ರಲ್ಲಿ ಸ್ಥಾಪಿಸಿದ ಕಿಯೋನಿಕ್ಸ್ ಎಂಬ ನಿಗಮವು, ಆರ್. ಕೆ. ಬಾಳಿಗರ ಮುಂದಾಳತ್ವದಲ್ಲಿ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ವೈಟ್‌ಫೀಲ್ಡಿನ ತಂತ್ರಜ್ಞಾನ ಪಾರ್ಕಿನ ಯೋಜನೆ ಭಾರತ ಮತ್ತು ಸಿಂಗಾಪುರದ ಪಾಲುದಾರಿಕೆಯಲ್ಲಿ 1994ರಲ್ಲಿ ಮೊದಲಾಯಿತು. ಈ ಮೂರೂ ಕಡೆ ನೆಲೆಸಿದ ಹೊಸ ಸಂಬಳದಾರ ವರ್ಗಕ್ಕೆ ದೂರಪ್ರವಾಸವು ಕೇವಲ ಆಸೆಯ ಮಾತಾಗಿರದೆ ಸಂಬಳದ ಚೀಟಿಯಲ್ಲೇ ನಮೂದಾದ ಒಂದು ಬಾಬತ್ತೂ ಆಯಿತು. ಕೇಂದ್ರ ಸರ್ಕಾರ ತನ್ನ ನೌಕರರಿಗೆ 1956ರ ಅಕ್ಟೋಬರಿನಲ್ಲಿ ಜಾರಿಗೆ ತಂದ ರಜಾ ಪ್ರವಾಸ ರಿಯಾಯಿತಿ, ಅಂದರೆ ಎಲ್‌ಟಿಸಿ, ಮೂಲತಃ ನೌಕರರು ಸ್ವಂತ ಊರಿಗೆ ಹೋಗಿ ಬರಲೆಂದು ಕೊಟ್ಟ ಸವಲತ್ತು. ಮುಂದೆ ಅದು ದೇಶದ ಯಾವುದೇ ಊರಿಗೆ ಅನ್ವಯಿಸುವಂತೆ ಹಿಗ್ಗಿತು. ಖಾಸಗಿ ಕಂಪನಿಗಳು ಇದನ್ನೇ ಎಲ್‌ಟಿಎ ಎಂಬ ಭತ್ಯೆಯಾಗಿ ಕೊಡತೊಡಗಿದವು. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 10(5)ರ ಪ್ರಕಾರ ನಾಲ್ಕು ಕ್ಯಾಲೆಂಡರ್ ವರ್ಷಗಳ ಒಂದು ಅವಧಿಯಲ್ಲಿ ಎರಡು ಪ್ರಯಾಣಗಳಿಗೆ, ಅದೂ ದೇಶದೊಳಗಿನ ಪ್ರಯಾಣಗಳಿಗೆ ಮಾತ್ರ, ತೆರಿಗೆ ವಿನಾಯಿತಿ ಸಿಗುತ್ತಿತ್ತು. ಮಾಲ್ಡೀವ್ಸಿನ ಟಿಕೆಟ್ಟಿಗೆ ಸಿಗದ ಈ ವಿನಾಯಿತಿ ಲಕ್ಷದ್ವೀಪದ ಅಗತ್ತಿಯ ಟಿಕೆಟ್ಟಿಗೂ ಅಂಡಮಾನಿನ ಪೋರ್ಟ್ ಬ್ಲೇರಿನ ಟಿಕೆಟ್ಟಿಗೂ ಸಿಗುತ್ತಿದ್ದುದರಿಂದ, ದ್ವೀಪ ನೋಡಬೇಕೆನ್ನುವವರ ದೃಷ್ಟಿ ದೇಶದ ಎರಡು ದ್ವೀಪಸಮೂಹಗಳ ಕಡೆಗೆ ತಿರುಗಲು ತೆರಿಗೆಯ ಕಾನೂನೂ ಒಂದು ಕಾರಣವಾಯಿತು.

ಆದರೂ ಈ ಹೊರವಲಯದ ಒಂದು ಊರಿಗೆ ಅಂಡಮಾನಿನ ಆಲೋಚನೆ ತಂತ್ರಾಂಶದ ಕಾಲಕ್ಕಿಂತ ಬಹಳ ಹಿಂದೆಯೇ ತಟ್ಟಿತ್ತು. ವೈಟ್‌ಫೀಲ್ಡ್ ಹುಟ್ಟಿದ್ದು 1882ರಲ್ಲಿ, ಮೈಸೂರು ಮತ್ತು ಕೊಡಗಿನ ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಹತ್ತನೆಯ ಚಾಮರಾಜೇಂದ್ರ ಒಡೆಯರು ಕೊಟ್ಟ ಸುಮಾರು 3,900 ಎಕರೆ ಭೂಮಿಯಲ್ಲಿ. ಡಿ. ಎಸ್. ವೈಟ್ ಎಂಬವರ ಹೆಸರು ಹೊತ್ತ ಆ ವಸಾಹತಿನ ಉದ್ದೇಶ, ಸರ್ಕಾರಿ ನೌಕರಿಯನ್ನೇ ನೆಚ್ಚಿದ್ದ ಮಿಶ್ರ ಸಂತತಿಯ ಸಮುದಾಯವೊಂದನ್ನು ಬೇಸಾಯದ ಮೇಲೆ ನಿಲ್ಲಿಸುವುದಾಗಿತ್ತು. ಇದೇ ಕನಸನ್ನು ಆ ಸಮುದಾಯದ ಮುಂದಿನ ತಲೆಮಾರುಗಳು ಬೇರೆ ನೆಲಗಳಲ್ಲಿಯೂ ಹುಡುಕಿದವು. 1920ರ ದಶಕದಲ್ಲಿ ಆಂಗ್ಲೋ-ಇಂಡಿಯನ್ ಯುವಕರ ಸಣ್ಣ ತಂಡವೊಂದು ಅಂಡಮಾನಿನಲ್ಲಿ ನೆಲೆಯೂರಲು ಹೋಗಿ ಸೋತಿತು. 1933ರಲ್ಲಿ ಇಂದಿನ ಜಾರ್ಖಂಡಿನ ಮೆಕ್ಲಸ್ಕಿಗಂಜ್ ವಸಾಹತಿನ ಯತ್ನ ಆರಂಭವಾಯಿತು. ಸ್ವಾತಂತ್ರ್ಯ ಹತ್ತಿರವಾದಂತೆ ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳನ್ನೇ ಸಮುದಾಯದ ತಾಯ್ನೆಲವಾಗಿ ಬಿಟ್ಟುಕೊಡಬೇಕೆಂಬ ಬೇಡಿಕೆಯೂ ಕೇಳಿಬಂತು. ಅದು ಈಡೇರಲಿಲ್ಲ. ವೈಟ್‌ಫೀಲ್ಡಿನ ದುಂಡನೆಯ ಹಳೆಯ ಬಡಾವಣೆಯ ಹಿಂದಿದ್ದ ಆಸೆಯೂ ಅಂಡಮಾನಿನ ಆ ಸೋತ ಯತ್ನದ ಹಿಂದಿದ್ದ ಆಸೆಯೂ ಒಂದೇ ಬಗೆಯವೆಂಬುದು, ಇಂದು ಅದೇ ಊರಿನ ಗಾಜಿನ ಕಟ್ಟಡಗಳಿಂದ ಅಂಡಮಾನಿಗೆ ಹೊರಡುವವರು ತಿಳಿದಿರಬೇಕಾದ ಸಂಗತಿ.

ಎರಡು ದ್ವೀಪಸಮೂಹಗಳ ಆಧುನಿಕ ಚರಿತ್ರೆ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಮೊದಲಾಗುತ್ತದೆ. ಅರಬ್ಬೀ ಸಮುದ್ರದ ಹವಳದ ದ್ವೀಪಗಳು ಮೊದಲು ಉತ್ತರ ಕೇರಳದ ಕೋಲತ್ತಿರಿ ಅರಸರ ಅಧೀನದಲ್ಲಿದ್ದು, ಹದಿನಾರನೆಯ ಶತಮಾನದಲ್ಲಿ ಕಣ್ಣೂರಿನ ಅರಕ್ಕಲ್ ಮನೆತನದ ಕೈಗೆ ಬಂದಿದ್ದವು. ದ್ವೀಪವಾಸಿಗಳ ಮುಖ್ಯ ಉತ್ಪನ್ನವಾದ ಕತ್ತದ ಹುರಿಯನ್ನು, ಅಂದರೆ ತೆಂಗಿನ ಸಿಪ್ಪೆಯನ್ನು ಉಪ್ಪುನೀರಿನಲ್ಲಿ ಕೊಳೆಯಿಸಿ, ಬಡಿದು ತೆಗೆದ ನಾರಿನಿಂದ ಹೊಸೆದ ಹುರಿಯನ್ನು, ಅರಕ್ಕಲ್ ಮನೆತನ ತಾನೇ ಗೊತ್ತುಪಡಿಸಿದ ಬೆಲೆಗೆ ಕೊಳ್ಳುತ್ತಿತ್ತು, ಬೇರೆಯವರಿಗೆ ಮಾರುವಂತಿರಲಿಲ್ಲ. ಈ ಏಕಸ್ವಾಮ್ಯದಿಂದ ಬೇಸತ್ತ ಅಮಿನಿ ದ್ವೀಪದ ಕೆಲವರು 1783ರಲ್ಲಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನನ್ನು ಕಂಡು, ತಮ್ಮ ದ್ವೀಪಗಳ ಆಡಳಿತವನ್ನು ಆತನೇ ವಹಿಸಿಕೊಳ್ಳಬೇಕೆಂದು ಕೇಳಿಕೊಂಡರು. ಅರಕ್ಕಲಿನ ಬೀಬಿಯೊಡನೆ ಸ್ನೇಹದಲ್ಲಿದ್ದ ಟಿಪ್ಪು ಮಾತುಕತೆಯ ಮೂಲಕವೇ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮತ್ತು ಬಿತ್ರ ಎಂಬ ಐದು ದ್ವೀಪಗಳನ್ನು ಪಡೆದುಕೊಂಡನು. 1787ರ ಹೊತ್ತಿಗೆ ಅಮಿನ್‌ದೀವಿ ಎಂದು ಒಟ್ಟಾಗಿ ಕರೆಯಲ್ಪಡುವ ಈ ಗುಂಪು ಮೈಸೂರು ರಾಜ್ಯಕ್ಕೆ ಸೇರಿತ್ತು, ದಕ್ಷಿಣದ ಅಗತ್ತಿ, ಕವರತ್ತಿ, ಆಂಡ್ರೋತ್, ಕಲ್ಪೇನಿ, ಮಿನಿಕಾಯ್‌ಗಳು ಅರಕ್ಕಲ್ ಮನೆತನದ ಬಳಿಯೇ ಉಳಿದವು. ಸೈನ್ಯ ಕಳಿಸದೆ, ದ್ವೀಪದ ಜನರೇ ಕೇಳಿ ಪಡೆದ ಆಡಳಿತ ಎಂಬುದು ಇದರ ವಿಶೇಷ. ಟಿಪ್ಪು ಹುಟ್ಟಿದ ದೇವನಹಳ್ಳಿಯ ಹತ್ತಿರದ ವಿಮಾನ ನಿಲ್ದಾಣದಿಂದಲೇ ಇಂದು ಬೆಂಗಳೂರಿನ ಪ್ರವಾಸಿಗರು ಲಕ್ಷದ್ವೀಪಕ್ಕೆ ಹಾರುತ್ತಾರೆ. ಲಕ್ಷದ್ವೀಪದ ಆಡಳಿತವೂ ತನ್ನ ಪ್ರಯಾಣಿಕ ಹಡಗುಗಳಲ್ಲಿ ಒಂದಕ್ಕೆ ಹಲವು ವರ್ಷ ಟಿಪ್ಪು ಸುಲ್ತಾನನ ಹೆಸರನ್ನೇ ಇಟ್ಟಿತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅಮಿನ್‌ದೀವಿ ದ್ವೀಪಗಳು ಈಸ್ಟ್ ಇಂಡಿಯಾ ಕಂಪನಿಗೆ ಸೇರಿ, ಕೆನರಾದ ಕಲೆಕ್ಟರರ ಅಧೀನಕ್ಕೆ ಬಂದವು. ಅಲ್ಲಿಂದ 1956ರವರೆಗೆ, ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ, ಈ ದ್ವೀಪಗಳ ರಾಜಧಾನಿ ಮಂಗಳೂರೇ ಆಗಿತ್ತು. ಅಮಿನಿಯಲ್ಲಿ ಕಲೆಕ್ಟರರ ಪ್ರತಿನಿಧಿಯಾಗಿ ಮಣೆಗಾರನೆಂಬ ಅಧಿಕಾರಿ ಇರುತ್ತಿದ್ದನು. ಕಂದಾಯ ವಸೂಲಿ, ಸಣ್ಣಪುಟ್ಟ ವ್ಯಾಜ್ಯಗಳ ತೀರ್ಮಾನ, ಶಾಂತಿಪಾಲನೆ ಇವೆಲ್ಲವೂ ಅವನ ಕೈಯಲ್ಲೇ ಇದ್ದವು. ಅರಕ್ಕಲಿನ ಏಕಸ್ವಾಮ್ಯದಿಂದ ಬಿಡುಗಡೆ ಬಯಸಿ ಬಂದ ದ್ವೀಪವಾಸಿಗಳಿಗೆ ಕಂಪನಿಯ ಆಡಳಿತದಲ್ಲಿ ಏಕಸ್ವಾಮ್ಯವೇನೂ ತಪ್ಪಲಿಲ್ಲ, ಕೊಳ್ಳುವ ಕೈ ಮಾತ್ರ ಬದಲಾಯಿತು. ಮಳೆಗಾಲ ಮುಗಿದು ಸಮುದ್ರ ತಿಳಿಯಾದ ಮೇಲೆ ದ್ವೀಪದ ಓಡಗಳು, ಅಂದರೆ ಹಲಗೆಗಳನ್ನು ಕತ್ತದ ಹುರಿಯಿಂದ ಹೊಲಿದು ಕಟ್ಟುತ್ತಿದ್ದ ಹಾಯಿಯ ದೋಣಿಗಳು, ಮಂಗಳೂರಿನ ಬಂದರಿಗೆ ಬರುತ್ತಿದ್ದವು. ತಂದ ಹುರಿಯನ್ನು ಸರ್ಕಾರದ ಉಗ್ರಾಣದಲ್ಲಿ ತೂಗಿಸಿ, ಅದರ ಬೆಲೆಯನ್ನು ಸ್ವಲ್ಪ ಹಣವಾಗಿ, ಬಹುಪಾಲು ಅಕ್ಕಿಯಾಗಿ ಪಡೆದು ಹಿಂದಿರುಗುತ್ತಿದ್ದವು. ಭತ್ತ ಬೆಳೆಯಲಾಗದ ಮರಳು ಮತ್ತು ಹವಳದ ನೆಲದಲ್ಲಿ ವರ್ಷದ ಊಟ ಈ ಒಂದು ವಿನಿಮಯವನ್ನೇ ನಂಬಿಕೊಂಡಿತ್ತು. ಹುರಿಯ ಬೆಲೆಯನ್ನು ಸರ್ಕಾರವೇ ನಿಗದಿಪಡಿಸಿ, ಅಕ್ಕಿಯ ದರವನ್ನೂ ಅದೇ ನಿಗದಿಪಡಿಸುತ್ತಿದ್ದುದರಿಂದ, ದ್ವೀಪವಾಸಿಗೆ ತನ್ನ ದುಡಿಮೆಯ ಬೆಲೆಯ ಬಗ್ಗೆ ಹೇಳಲು ಮಾತೇ ಇರಲಿಲ್ಲ. ಕರಾವಳಿಯ ಸಮೃದ್ಧಿಯ ಚರಿತ್ರೆಯನ್ನು ಬರೆಯುವವರು ಮಂಗಳೂರಿನ ಹೆಂಚು, ಕಾಫಿ, ಗೇರುಬೀಜಗಳನ್ನು ನೆನೆಯುವಾಗ, ದ್ವೀಪದ ಹೆಂಗಸರು ನೀರಿನ ಅಂಚಿನಲ್ಲಿ ಕೂತು ಬಡಿದು ಹೊಸೆದ ಆ ಹುರಿಯನ್ನೂ ಲೆಕ್ಕಕ್ಕೆ ಸೇರಿಸಬೇಕು.

ತೆಂಗೇ ನಾಣ್ಯವಾಗಿದ್ದ ದ್ವೀಪಗಳಲ್ಲಿ ತೆಂಗಿನ ಶತ್ರುವೂ ಆಡಳಿತದ ವಿಷಯವಾಯಿತು. ಎಳೆಗಾಯಿಗಳನ್ನು ಕೊರೆದು ಹಾಳುಮಾಡುತ್ತಿದ್ದ ಇಲಿಗಳನ್ನು ಕೊಲ್ಲಲು ಊರ ಗಂಡಸರೆಲ್ಲ ಸೇರಿ ನಡೆಸುವ ಸಾಮೂಹಿಕ ಬೇಟೆ ಅಮಿನ್‌ದೀವಿಯಲ್ಲಿ ಕಡ್ಡಾಯದ ಕೆಲಸವಾಗಿತ್ತು. ಇಂಥ ವಿವರಗಳು ಸಣ್ಣವಾಗಿ ಕಂಡರೂ, ಕಾವಲುಗಾರರ ಬಲದಿಂದಲ್ಲದೆ ಊರಿನ ಒಕ್ಕಟ್ಟಿನಿಂದ ನಡೆಯುತ್ತಿದ್ದ ಸಮಾಜದ ಸ್ವರೂಪವನ್ನು ತೋರಿಸುತ್ತವೆ. ದ್ವೀಪವಾಸಿಗಳು ಇಸ್ಲಾಂ ಧರ್ಮದವರು. ಮಿನಿಕಾಯ್‌ನಲ್ಲಿ ಮಾಲ್ಡೀವ್ಸಿನ ಭಾಷೆಗೆ ಸೇರಿದ ಮಹಲ್ ಇದ್ದರೆ, ಉಳಿದ ಕಡೆ ಮಲಯಾಳದ ಒಂದು ಉಪಭಾಷೆಯಾದ ಜೆಸರಿ ಇದೆ. ಆಸ್ತಿ ತಾಯಿಯ ಕಡೆಯಿಂದ ಇಳಿಯುವ ತರವಾಡಿನ ಪದ್ಧತಿ, ಅಂದರೆ ಒಬ್ಬ ಮೂಲತಾಯಿಯ ಸಂತತಿಯೆಲ್ಲ ಒಂದೇ ಮನೆತನವಾಗಿ ಆಸ್ತಿಯನ್ನು ಒಟ್ಟಿಗೆ ಅನುಭವಿಸುವ ಪದ್ಧತಿ, ಇಲ್ಲಿ ಮತದ ಕಾನೂನಿನ ಜೊತೆಜೊತೆಗೇ ಉಳಿದುಬಂದಿದೆ. ತುಳುನಾಡಿನ ಅಳಿಯಸಂತಾನದ ಕಟ್ಟನ್ನು ಬಲ್ಲ ಮಂಗಳೂರಿನ ಅಧಿಕಾರಿಗಳಿಗೆ ದ್ವೀಪದ ಆಸ್ತಿ ವ್ಯಾಜ್ಯಗಳು ಪೂರ್ತಿ ಅಪರಿಚಿತವಾಗಿ ಕಂಡಿರಲಾರವು.

ದಕ್ಷಿಣದ ದ್ವೀಪಗಳ ಕಥೆ ಬೇರೆ. 1847ರ ಚಂಡಮಾರುತ ಆಂಡ್ರೋತ್ ಮತ್ತು ಕಲ್ಪೇನಿಗಳನ್ನು ಧ್ವಂಸಗೊಳಿಸಿದಾಗ ವಿಲಿಯಂ ರಾಬಿನ್ಸನ್ ಎಂಬ ಅಧಿಕಾರಿ ಅಲ್ಲಿಗೆ ಹೋಗಿ ಬಂದನು. ಪರಿಹಾರಕ್ಕಾಗಿ ಕಂಪನಿ ಕೊಟ್ಟ ಸಾಲದ ಬಡ್ಡಿ ಏರುತ್ತ ಹೋಗಿ, 1854ರಲ್ಲಿ ಆ ದ್ವೀಪಗಳ ಆಡಳಿತವೂ ಕಂಪನಿಯ ಕೈ ಸೇರಿತು. ಮುಂದೆ ಅರಕ್ಕಲ್ ಮನೆತನಕ್ಕೆ ಅವು ಕೆಲಕಾಲ ಮರಳಿದರೂ, ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮಲಬಾರ್ ಜಿಲ್ಲೆಯ ಭಾಗವಾಗಿ ಶಾಶ್ವತವಾಗಿ ಬ್ರಿಟಿಷರದಾದವು. ಹೀಗೆ ಸ್ವಾತಂತ್ರ್ಯ ಬಂದಾಗ ಒಂದೇ ದ್ವೀಪಸಮೂಹ ಮದರಾಸು ಪ್ರಾಂತ್ಯದ ಎರಡು ಜಿಲ್ಲೆಗಳಲ್ಲಿ ಹಂಚಿಹೋಗಿತ್ತು: ಉತ್ತರದ ಗುಂಪು ದಕ್ಷಿಣ ಕನ್ನಡದಲ್ಲಿ, ದಕ್ಷಿಣದ ಗುಂಪು ಮಲಬಾರಿನಲ್ಲಿ.

1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳು ರಚನೆಯಾದಾಗ ದಕ್ಷಿಣ ಕನ್ನಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಅದರ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು, ಮತ್ತು ಅದೇ ದಿನ ಅಮಿನ್‌ದೀವಿ ದ್ವೀಪಗಳು ಮಂಗಳೂರಿನಿಂದ ಕಳಚಿಕೊಂಡು ಲಕ್ಕದೀವ್, ಮಿನಿಕಾಯ್ ಮತ್ತು ಅಮಿನ್‌ದೀವಿ ದ್ವೀಪಗಳೆಂಬ ಹೊಸ ಕೇಂದ್ರಾಡಳಿತ ಪ್ರದೇಶದೊಳಗೆ ಸೇರಿದವು. ಆಡಳಿತದ ಕಚೇರಿ ಮೊದಲು ಕೋಳಿಕ್ಕೋಡಿನಲ್ಲಿದ್ದು, 1964ರಲ್ಲಿ ಕವರತ್ತಿಗೆ ಹೋಯಿತು. ಕಾಸರಗೋಡಿನ ನಷ್ಟವನ್ನು ಕನ್ನಡಿಗರು ಇಂದಿಗೂ ನೆನೆಯುತ್ತಾರೆ. ಅದೇ ದಿನ ಕೈಬಿಟ್ಟ ಐದು ದ್ವೀಪಗಳ ಬಗ್ಗೆ ಅಂಥ ನೆನಪಿಲ್ಲ. ಅಲ್ಲಿನ ಜನರ ಭಾಷೆ ಕನ್ನಡವಲ್ಲದ ಕಾರಣ ಅವನ್ನು ಬೇಡುವ ಹಕ್ಕಿನ ಮಾತು ಏಳಲಿಲ್ಲವೆಂಬುದು ಸರಿಯೇ, ಆದರೆ ನೆನಪಿಗೆ ಭಾಷೆಯೊಂದೇ ಆಧಾರವಾಗಬೇಕಿಲ್ಲ. ಹದಿನೇಳು ವರ್ಷಗಳ ಅನಂತರ, 1973ರ ನವೆಂಬರ್ 1ರಂದು, ಮೈಸೂರು ರಾಜ್ಯ ಕರ್ನಾಟಕವೆಂಬ ಹೆಸರನ್ನು ಪಡೆಯಿತು. ಸಂಸತ್ತಿನ ಇನ್ನೊಂದು ಕಾಯ್ದೆಯ ಮೂಲಕ ಆ ದ್ವೀಪಗಳು ಲಕ್ಷದ್ವೀಪವೆಂಬ ಹೆಸರನ್ನು ಪಡೆದದ್ದೂ ಅದೇ ದಿನ.

ಬಂಗಾಳ ಕೊಲ್ಲಿಯ ಕಡೆಗೆ ತಿರುಗಿದರೆ ಚಿತ್ರ ಸಂಪೂರ್ಣ ಬದಲಾಗುತ್ತದೆ. ಅಮಿನಿ ಮೈಸೂರಿಗೆ ಸೇರಿದ ಎರಡು ವರ್ಷಗಳಲ್ಲಿ, 1789ರಲ್ಲಿ, ಕಂಪನಿಯ ಸರ್ಕಾರ ಆರ್ಚಿಬಾಲ್ಡ್ ಬ್ಲೇರನ ಮೂಲಕ ಅಂಡಮಾನಿನ ಚಾಥಮ್ ದ್ವೀಪದಲ್ಲಿ ನೆಲೆಯೊಂದನ್ನು ಸ್ಥಾಪಿಸಿತು. ಕೆಲವೇ ವರ್ಷಗಳಲ್ಲಿ ಅದನ್ನು ಉತ್ತರಕ್ಕೆ ಸ್ಥಳಾಂತರಿಸಿ, ರೋಗರುಜಿನಗಳಿಂದ ಜನ ಸಾಯತೊಡಗಿದ ಮೇಲೆ 1796ರಲ್ಲಿ ಕೈಬಿಟ್ಟಿತು. ಮತ್ತೆ ಅಲ್ಲಿಗೆ ಹಡಗು ಹೋದದ್ದು 1858ರ ಮಾರ್ಚ್ 10ರಂದು, 1857ರ ದಂಗೆಯ ಬೆನ್ನಿಗೆ, ಜೆ. ಪಿ. ವಾಕರ್ ಎಂಬ ಅಧಿಕಾರಿಯ ವಶದಲ್ಲಿದ್ದ 200 ಕೈದಿಗಳನ್ನು ಹೊತ್ತು. ಅಲ್ಲಿಂದ ಮುಂದೆ ಕರಿನೀರಿನ ಶಿಕ್ಷೆ, ಅಂದರೆ ಅಪರಾಧಿಯನ್ನು ಸಮುದ್ರದಾಚೆಗೆ ಗಡೀಪಾರು ಮಾಡುವ ಶಿಕ್ಷೆ, ಭಾರತದ ಮನೆಮಾತಿನ ಭಯವಾಯಿತು. ಕೈದಿಗಳ ಕೈಯಿಂದಲೇ ಕಾಡು ಕಡಿಸಿ, ರಸ್ತೆ ಹಾಕಿಸಿ, 1883ರಲ್ಲಿ ಚಾಥಮಿನಲ್ಲಿ ಮರ ಕೊಯ್ಯುವ ಕಾರ್ಖಾನೆಯನ್ನು ಕಟ್ಟಿಸಿ, 1896ರಿಂದ 1906ರವರೆಗೆ ಏಳು ರೆಕ್ಕೆಗಳ ಸೆಲ್ಯುಲರ್ ಜೈಲನ್ನು ಎಬ್ಬಿಸಲಾಯಿತು. ಒಬ್ಬ ಕೈದಿ ಇನ್ನೊಬ್ಬನ ಮುಖವನ್ನು ಕಾಣದಂತೆ ಒಂಟಿ ಕೋಣೆಗಳನ್ನು ಜೋಡಿಸಿದ ಆ ಕಟ್ಟಡದಲ್ಲಿ ಇಂದು ಮೂರು ರೆಕ್ಕೆಗಳು ಮಾತ್ರ ಉಳಿದಿವೆ, ಮತ್ತು 1979ರಿಂದ ಅದು ರಾಷ್ಟ್ರೀಯ ಸ್ಮಾರಕವಾಗಿದೆ.

ಬೆಂಗಳೂರಿನ ಪ್ರವಾಸಿಗೆ ಈ ಚರಿತ್ರೆಯ ಒಂದು ಕೊನೆ ಊರಿನಲ್ಲೇ ಸಿಗುತ್ತದೆ. 1872ರ ಫೆಬ್ರವರಿ 8ರ ಸಂಜೆ ಪೋರ್ಟ್ ಬ್ಲೇರ್ ಬಂದರಿನೆದುರಿನ ಹೋಪ್‌ಟೌನಿನಲ್ಲಿ ಶೇರ್ ಅಲಿ ಅಫ್ರೀದಿ ಎಂಬ ಪಠಾಣ ಕೈದಿ ವೈಸರಾಯ್ ಲಾರ್ಡ್ ಮೇಯೋನನ್ನು ಚಾಕುವಿನಿಂದ ಇರಿದು ಕೊಂದನು. ಹಾಗೆ ಸತ್ತ ವೈಸರಾಯನ ನೆನಪಿಗೆ ಬೆಂಗಳೂರಿನ ದಂಡುಪ್ರದೇಶದಲ್ಲಿ ಎದ್ದ ಕಟ್ಟಡವೇ 1883ರ ಮೇಯೋ ಹಾಲ್. ವೈಟ್‌ಫೀಲ್ಡಿನಿಂದ ನಗರದ ಮಧ್ಯಕ್ಕೆ ಬರುವವರು ಎಂ.ಜಿ. ರಸ್ತೆಯಲ್ಲಿ ದಾಟಿಹೋಗುವ, ಇಂದು ನ್ಯಾಯಾಲಯಗಳು ನಡೆಯುವ ಆ ಕಟ್ಟಡ ಅಂಡಮಾನಿನಲ್ಲಿ ನಡೆದ ಕೊಲೆಯೊಂದರ ಸ್ಮಾರಕ.

1942ರ ಮಾರ್ಚಿನಿಂದ 1945ರವರೆಗೆ ಜಪಾನೀಯರ ಅಧೀನದಲ್ಲಿದ್ದ ಈ ದ್ವೀಪಗಳಲ್ಲಿ 1943ರ ಡಿಸೆಂಬರ್ 30ರಂದು ನೇತಾಜಿ ಸುಭಾಷ್‌ಚಂದ್ರ ಬೋಸರು ತ್ರಿವರ್ಣ ಧ್ವಜ ಹಾರಿಸಿದರು. ಸ್ವಾತಂತ್ರ್ಯದ ಬಳಿಕ ಸರ್ಕಾರ ಪೂರ್ವ ಬಂಗಾಳದ ನಿರಾಶ್ರಿತರನ್ನು ತಂದು ನೆಲೆಗೊಳಿಸಿತು; ಹಿಂದೆಯೇ ಬಂದಿದ್ದ ಕೈದಿಗಳ ಸಂತತಿ, ಮಲಬಾರಿನ ಮಾಪಿಳ್ಳೆಗಳು, ಬರ್ಮಾದ ಕರೆನ್ನರು, ರಾಂಚಿಯ ಕಡೆಯ ಕೂಲಿಗಳು, ತಮಿಳರು ಎಲ್ಲರೂ ಸೇರಿ ಅಲ್ಲಿ ಹೊಸ ಸಮಾಜವೊಂದು ರೂಪುಗೊಂಡಿತು. ಅಂಡಮಾನಿನ ಇಂದಿನ ಮುಕ್ತತೆಗೆ ಕಾರಣ ಇಲ್ಲಿದೆ. ಪಟ್ಟಣ, ಹೊಲ, ಬಂದರು, ಹೋಟೆಲು ಎಲ್ಲವೂ ಹೊರಗಿನಿಂದ ಬಂದವರಿಂದಲೇ ಆದ ನೆಲದಲ್ಲಿ ಹೊಸಬರ ಆಗಮನಕ್ಕೆ ತಡೆಯೊಡ್ಡುವ ಹಳೆಯ ಕಟ್ಟುಪಾಡುಗಳು ಇರಲಿಲ್ಲ, ಮತ್ತು ನಿಕೋಬಾರ್ ಸೇರಿ 8,249 ಚದರ ಕಿಲೋಮೀಟರ್ ವಿಸ್ತಾರ, ದಟ್ಟ ಕಾಡು, ಸಿಹಿನೀರಿನ ಹೊಳೆಗಳು ಪ್ರವಾಸೋದ್ಯಮದ ಭಾರವನ್ನು ತಕ್ಕಮಟ್ಟಿಗೆ ತಾಳಿಕೊಂಡವು. ಆದರೆ ಈ ಮುಕ್ತತೆಯ ಬೆಲೆಯನ್ನು ತೆತ್ತವರು ಆ ಕಾಡಿನ ಮೂಲನಿವಾಸಿಗಳು. ಗ್ರೇಟ್ ಅಂಡಮಾನಿಗಳು ವಸಾಹತಿನ ರೋಗಗಳಿಗೆ ಸಿಕ್ಕಿ ಬೆರಳೆಣಿಕೆಗೆ ಇಳಿದರು. ಇನ್ನೊಂದು ಬುಡಕಟ್ಟಾದ ಜರವರ ಕಾಡಿನ ನಡುವೆ ಅಂಡಮಾನ್ ಟ್ರಂಕ್ ರೋಡ್ ಸೀಳಿಕೊಂಡು ಹೋಯಿತು, ಮತ್ತು 2002ರಲ್ಲಿ ಸುಪ್ರೀಂ ಕೋರ್ಟ್ ಅದರ ಭಾಗಗಳನ್ನು ಮುಚ್ಚಲು ಹೇಳಿದ ಮೇಲೂ ಅದರ ಮೇಲೆ ಪ್ರವಾಸಿಗರ ವಾಹನಗಳ ಸಾಲು ನಿಲ್ಲಲಿಲ್ಲ. ಮೂಲನಿವಾಸಿಗಳ ರಕ್ಷಣೆಗೆಂದು 1956ರಲ್ಲಿ ಜಾರಿಯಾದ ನಿಯಮಾವಳಿ ಮೀಸಲು ಪ್ರದೇಶಗಳಿಗೆ ಹೊರಗಿನವರ ಪ್ರವೇಶವನ್ನು ನಿಷೇಧಿಸುತ್ತದೆ; ರಸ್ತೆಯ ಬದಿಯಲ್ಲಿ ಜರವರನ್ನು ಕಾಣುವ ಆಸೆಯಿಂದ ಆ ದಾರಿಯ ಪ್ರವಾಸವನ್ನು ಕೊಳ್ಳುವುದು ನಾಚಿಕೆಗೇಡಿನ ಕೆಲಸ, ಅದನ್ನು ಸ್ಪಷ್ಟವಾಗಿಯೇ ಹೇಳಬೇಕು.

ಹೊರವಲಯದ ಇನ್ನೊಂದು ಊರಾದ ಪೀಣ್ಯಕ್ಕೂ ಅಂಡಮಾನಿಗೂ ನೇರವಾದ ನಂಟಿದೆ. ಇಸ್ರೋದ ಉಪಗ್ರಹ ಮತ್ತು ಉಡಾವಣಾ ವಾಹನಗಳ ಜಾಡು ಹಿಡಿಯುವ ಇಸ್ಟ್ರಾಕ್ ಸಂಸ್ಥೆಯ ಕೇಂದ್ರ ಪೀಣ್ಯದಲ್ಲಿದೆ. ಶ್ರೀಹರಿಕೋಟದಿಂದ ಚಿಮ್ಮಿದ ರಾಕೆಟ್ ಬಂಗಾಳ ಕೊಲ್ಲಿಯ ಮೇಲೆ ಸಾಗುವಾಗ ಅದರ ಸಂಕೇತಗಳನ್ನು ಹಿಡಿಯುವ ಇಸ್ಟ್ರಾಕ್‌ನ ನೆಲಕೇಂದ್ರಗಳಲ್ಲಿ ಒಂದು ಪೋರ್ಟ್ ಬ್ಲೇರಿನಲ್ಲಿದೆ. ಇದಕ್ಕಿಂತ ಹೆಚ್ಚು ಜನರನ್ನು ಅತ್ತ ಸೆಳೆದದ್ದು ಎಲ್‌ಟಿಸಿಯ ವಿಶೇಷ ರಿಯಾಯಿತಿ. 2014ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ, ಸ್ವಂತ ಊರಿನ ಪ್ರಯಾಣಕ್ಕೆ ಬದಲಾಗಿ ಅಂಡಮಾನ್ ಮತ್ತು ನಿಕೋಬಾರಿಗೆ ವಿಮಾನದಲ್ಲಿ ಹೋಗಿ ಬರುವ ಅವಕಾಶವನ್ನು, ವಿಮಾನದ ಅರ್ಹತೆ ಇಲ್ಲದ ನೌಕರರಿಗೂ ತೆರೆಯಿತು, ಅನಂತರ ಮತ್ತೆ ಮತ್ತೆ ವಿಸ್ತರಿಸಿತು. ಈಶಾನ್ಯ ರಾಜ್ಯಗಳು, ಜಮ್ಮು-ಕಾಶ್ಮೀರ ಮತ್ತು ಲಡಾಖ್ ಈ ಯೋಜನೆಯಲ್ಲಿವೆ, ಲಕ್ಷದ್ವೀಪ ಇಲ್ಲ. ಕೇಂದ್ರದ ಸಂಸ್ಥೆಗಳಲ್ಲಿ ದುಡಿಯುವ ಬೆಂಗಳೂರಿನವರ ದ್ವೀಪಪ್ರವಾಸ ಅಂಡಮಾನಿನ ಕಡೆಗೇ ವಾಲಿದ್ದರಲ್ಲಿ ಈ ಒಂದು ಆದೇಶದ ಪಾಲು ದೊಡ್ಡದು.

ಲಕ್ಷದ್ವೀಪದ ಬಾಗಿಲು ಬೇರೆ ರೀತಿಯಲ್ಲಿ, ಬೇರೆ ಕಾರಣಕ್ಕೆ, ಅರ್ಧ ಮಾತ್ರ ತೆರೆಯಿತು. 36 ದ್ವೀಪಗಳ ಒಟ್ಟು ನೆಲ ಕೇವಲ 32 ಚದರ ಕಿಲೋಮೀಟರ್. ಜನವಸತಿ ಇರುವ ಹತ್ತು ದ್ವೀಪಗಳಲ್ಲಿ 2011ರ ಜನಗಣತಿಯಂತೆ 64,473 ಜನ. ಹೊಳೆಯಿಲ್ಲ, ಬೆಟ್ಟವಿಲ್ಲ, ಮಳೆಯ ನೀರು ಹವಳದ ಮರಳಿನಡಿ ಉಪ್ಪುನೀರಿನ ಮೇಲೆ ತೇಲುವ ತೆಳುಪದರವಾಗಿ ನಿಂತು, ಅದೇ ಬಾವಿಗಳಿಗೆ ಬರುತ್ತದೆ, ಮತ್ತು ಅಗತ್ಯಕ್ಕಿಂತ ಹೆಚ್ಚು ಎತ್ತಿದರೆ ಕೆಳಗಿನ ಉಪ್ಪು ಮೇಲೇರುತ್ತದೆ. 2005ರಲ್ಲಿ ಕವರತ್ತಿಯಲ್ಲಿ, ಸಮುದ್ರದ ಮೇಲ್ಮೈ ಮತ್ತು ಆಳದ ನೀರಿನ ಉಷ್ಣತೆಯ ವ್ಯತ್ಯಾಸವನ್ನೇ ಬಳಸಿ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ಮಾಡುವ ಘಟಕ ಆರಂಭವಾದದ್ದು ಈ ಕೊರತೆಯ ಅಳತೆಯನ್ನು ಹೇಳುತ್ತದೆ. 1967ರ ಪ್ರವೇಶ ಮತ್ತು ವಾಸ ನಿರ್ಬಂಧದ ನಿಯಮಗಳು ದ್ವೀಪದವರಲ್ಲದ ಭಾರತೀಯರಿಗೂ ಪರವಾನಗಿಯನ್ನು ಕಡ್ಡಾಯ ಮಾಡಿದವು. 1974ರಲ್ಲಿ ಜನವಸತಿಯಿಲ್ಲದ ಬಂಗಾರಂ ದ್ವೀಪವನ್ನು ವಿದೇಶಿ ಪ್ರವಾಸಿಗರಿಗೆ ತೆರೆದಾಗಲೂ, ಊರುಗಳಿಂದ ಪ್ರವಾಸಿಗರನ್ನು ದೂರವಿಡುವುದೇ ಅದರ ಹಿಂದಿನ ನೀತಿಯಾಗಿತ್ತು. 1988ರಲ್ಲಿ ಅಗತ್ತಿಯ ಕಿರಿದಾದ ಓಡುದಾರಿ ಸಣ್ಣ ವಿಮಾನಗಳಿಗೆ ತೆರೆದರೂ ದ್ವೀಪಗಳಿಗೆ ಹೋಗುವವರ ಮುಖ್ಯ ಮಾರ್ಗ ಕೊಚ್ಚಿಯಿಂದ ಹೊರಡುವ ಹಡಗೇ ಆಗಿ ಉಳಿಯಿತು. ಅಮಿನ್‌ದೀವಿ ಕೊಚ್ಚಿಗಿಂತ ಮಂಗಳೂರಿಗೇ ಹತ್ತಿರವಿದ್ದರೂ ಪ್ರಯಾಣಿಕರ ದಾರಿ ದಕ್ಷಿಣಕ್ಕೆ ಸರಿಯಿತು. ಮಂಗಳೂರಿನ ಹಳೆ ಬಂದರಿನಿಂದ ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟು ಹೊತ್ತು ಹೊರಡುವ ಮಂಜಿಗಳು, ಅಂದರೆ ಎಂಜಿನ್ ಜೋಡಿಸಿದ ಮರದ ಸರಕು ದೋಣಿಗಳು, ಹಳೆಯ ಸಂಬಂಧವನ್ನು ಇಂದಿಗೂ ನಡೆಸಿಕೊಂಡು ಬಂದಿವೆ.

2024 ಈ ಚರಿತ್ರೆಯ ತಿರುವು. ಜನವರಿ ಮೊದಲ ವಾರ ಪ್ರಧಾನಿ ನರೇಂದ್ರ ಮೋದಿಯವರು ಲಕ್ಷದ್ವೀಪಕ್ಕೆ ಹೋದರು. ಆ ಸಂದರ್ಭದಲ್ಲೇ ಕೊಚ್ಚಿಯಿಂದ ದ್ವೀಪಗಳಿಗೆ ಹಾಸಿದ 1,868 ಕಿಲೋಮೀಟರ್ ಉದ್ದದ ಸಮುದ್ರದಡಿಯ ಆಪ್ಟಿಕಲ್ ಫೈಬರ್ ಕೇಬಲ್ ಉದ್ಘಾಟನೆಯಾಯಿತು, ಚೆನ್ನೈಯಿಂದ ಅಂಡಮಾನಿಗೆ ಅಂಥದೇ ಕೇಬಲ್ 2020ರ ಆಗಸ್ಟಿನಲ್ಲಿ ಬಂದಿತ್ತು. ಮಾರ್ಚ್ 31ರಿಂದ ಬೆಂಗಳೂರು ಮತ್ತು ಅಗತ್ತಿಯ ನಡುವೆ ಇಂಡಿಗೋದ ನೇರ ವಿಮಾನ ಹಾರಾಟ ಮೊದಲಾಯಿತು. ಮೇ ತಿಂಗಳಲ್ಲಿ ‘ಪರಳಿ’ ಎಂಬ ವೇಗದ ಹಡಗು ಸುಮಾರು ಏಳು ಗಂಟೆಗಳಲ್ಲಿ ದ್ವೀಪಗಳಿಂದ ಪ್ರಯಾಣಿಕರನ್ನು ಮಂಗಳೂರಿನ ಹಳೆ ಬಂದರಿಗೆ ತಂದಿತು. ಲ್ಯಾಪ್‌ಟಾಪ್ ಜೊತೆಯಲ್ಲೇ ರಜೆಗೆ ಹೊರಡುವ ಎಲೆಕ್ಟ್ರಾನಿಕ್ ಸಿಟಿಯ ನೌಕರನಿಗೆ ಅಂಡಮಾನಿನ ಎದುರು ಲಕ್ಷದ್ವೀಪ ನಿಜವಾದ ಪರ್ಯಾಯವಾಗಿ ಕಂಡದ್ದು ಆ ವರ್ಷದಲ್ಲಿಯೇ.

ಪರ್ಯಾಯವೆಂದು ಕಂಡಷ್ಟಕ್ಕೆ ಎರಡೂ ಒಂದೇ ಭಾರವನ್ನು ಹೊರಬಲ್ಲವೆಂದು ತಿಳಿಯುವುದು ತಪ್ಪು. ಕರ್ನಾಟಕ ಹೈಕೋರ್ಟಿನಲ್ಲಿ ದೀರ್ಘಕಾಲ ನ್ಯಾಯಮೂರ್ತಿಯಾಗಿದ್ದು ಸುಪ್ರೀಂ ಕೋರ್ಟಿನಿಂದ ನಿವೃತ್ತರಾದ ಆರ್. ವಿ. ರವೀಂದ್ರನ್ ಅವರ ನೇತೃತ್ವದ ಸಮಿತಿ, ಸುಪ್ರೀಂ ಕೋರ್ಟಿನ ನೇಮಕದಂತೆ, ಲಕ್ಷದ್ವೀಪದ ಒಂದೊಂದು ದ್ವೀಪಕ್ಕೂ ಎಷ್ಟು ನಿರ್ಮಾಣ, ಎಲ್ಲಿ ನಿರ್ಮಾಣ ಎಂಬ ಸಮಗ್ರ ನಿರ್ವಹಣಾ ಯೋಜನೆಗಳಿಗೆ ದಾರಿ ಮಾಡಿತು. 1998, 2010, 2016 ಮತ್ತು 2024ರಲ್ಲಿ ಸಮುದ್ರ ಕಾದು ಅಲ್ಲಿನ ಹವಳಗಳು ಬಿಳಿಚಿಕೊಂಡವು. ಬಂಗಾರಂ ಬಳಿಯ ಪರಳಿ-1 ಎಂಬ ಜನವಸತಿಯಿಲ್ಲದ ಕಿರುದ್ವೀಪ ಕೊರೆತಕ್ಕೆ ಸಿಕ್ಕಿ ಪೂರ್ತಿ ಇಲ್ಲವಾಗಿದೆ. ಸುತ್ತಲಿನ ಹವಳದ ದಿಬ್ಬವೇ ತೆರೆಗಳಿಗೆ ತಡೆಗೋಡೆಯಾಗಿರುವ ನೆಲದಲ್ಲಿ ಹವಳದ ಸಾವು ನೋಟದ ನಷ್ಟ ಮಾತ್ರವಲ್ಲ, ಕಾಲಡಿಯ ನೆಲದ ನಷ್ಟ. ಈ ಕಾರಣಕ್ಕೇ ಪರವಾನಗಿಯ ಕಟ್ಟಳೆಯನ್ನು ಪ್ರವಾಸಿಗೆ ಒಡ್ಡಿದ ಅಡ್ಡಿಯೆಂದು ಗೊಣಗದೆ, ದ್ವೀಪದ ನೀರಿಗೂ ಊರಿಗೂ ಇರುವ ಏಕೈಕ ರಕ್ಷಣೆಯೆಂದು ಒಪ್ಪಿಕೊಳ್ಳಬೇಕು.

ಹೀಗಿರುವಾಗ ಆಯ್ಕೆಯ ಬಗ್ಗೆ ಒಂದು ತೀರ್ಮಾನ ಹೇಳುವುದು ಸಾಧ್ಯ. ವಯಸ್ಸಾದವರೂ ಸಣ್ಣ ಮಕ್ಕಳೂ ಇರುವ ದೊಡ್ಡ ಕುಟುಂಬಕ್ಕೆ, ಕಾಡು, ಜೈಲು, ಕಡಲತೀರ ಎಲ್ಲವನ್ನೂ ಒಂದೇ ಸುತ್ತಿನಲ್ಲಿ ನೋಡಬೇಕೆನ್ನುವವರಿಗೆ, ಆಸ್ಪತ್ರೆ ಮತ್ತು ವಸತಿಯ ಭರವಸೆ ಬೇಕಾದವರಿಗೆ ಅಂಡಮಾನೇ ಸರಿ. 2024ರ ಸೆಪ್ಟೆಂಬರಿನಲ್ಲಿ ಶ್ರೀ ವಿಜಯಪುರಂ ಎಂದು ಹೆಸರು ಬದಲಾದ ಪೋರ್ಟ್ ಬ್ಲೇರಿನಲ್ಲಿ ಸೆಲ್ಯುಲರ್ ಜೈಲಿಗೆ ಒಂದು ಇಡೀ ದಿನ ಕೊಡದೆ ಹಾವ್‌ಲಾಕಿನ ಕಡೆಗೆ, ಅಂದರೆ ಇಂದಿನ ಸ್ವರಾಜ್ ದ್ವೀಪಕ್ಕೆ, ಓಡುವುದು ಮಾತ್ರ ಸಲ್ಲದು. ಕಡಿಮೆ ಸೌಕರ್ಯಕ್ಕೂ ಕಾಯುವುದಕ್ಕೂ ಸಿದ್ಧರಿರುವವರು ಲಕ್ಷದ್ವೀಪವನ್ನು ಆರಿಸಿಕೊಳ್ಳಲಿ, ಮತ್ತು ಅವರು ಕನ್ನಡಿಗರಾಗಿದ್ದರೆ ಅಗತ್ತಿಯಲ್ಲಿ ಇಳಿದು ಬಂಗಾರಂನಲ್ಲೇ ಉಳಿಯುವ ಬದಲು ಅಮಿನ್‌ದೀವಿ ಗುಂಪಿನಲ್ಲಿ ಪ್ರವಾಸಿಗರಿಗೆ ಮುಖ್ಯವಾಗಿ ತೆರೆದಿರುವ ಕಡಮತ್‌ಗೆ ಹೋಗಲಿ. ಒಂಬತ್ತು ಕಿಲೋಮೀಟರಿಗೂ ತುಸು ಹೆಚ್ಚು ಉದ್ದದ, ಅಗಲದಲ್ಲಿ ಅರ್ಧ ಕಿಲೋಮೀಟರಿನ ಆಸುಪಾಸಿನ ಆ ಪಟ್ಟೆ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ನೆಲವಾಗಿತ್ತು. ಕರ್ನಾಟಕ ಸರ್ಕಾರದಿಂದ ಕೇಳಬೇಕಾದದ್ದೂ ಎರಡಿವೆ: ಮಂಗಳೂರಿನ ಹಳೆ ಬಂದರಿನಿಂದ ಅಮಿನಿ ಮತ್ತು ಕಡಮತ್‌ಗೆ ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ತಪ್ಪದೆ ನಡೆಯುವ ಪ್ರಯಾಣಿಕ ಹಡಗು, ಮತ್ತು ಅಮಿನ್‌ದೀವಿಗೆ ಸಂಬಂಧಿಸಿದ ಕೆನರಾ ಕಲೆಕ್ಟರರ ಕಚೇರಿಯ ಹಳೆಯ ಕಾಗದಪತ್ರಗಳನ್ನು ಒಂದೆಡೆ ಸೇರಿಸಿ ಕನ್ನಡದಲ್ಲಿ ಅಚ್ಚುಹಾಕಿಸುವ ಕೆಲಸ. ಎರಡನೆಯದಕ್ಕೆ ಹಡಗೂ ಬೇಡ, ಪರವಾನಗಿಯೂ ಬೇಡ. ಅದನ್ನು ಈ ವರ್ಷವೇ ಆರಂಭಿಸಬಹುದು.